ಸಾಹೇಬರನ್ನು ಖಾನಾವಳಿಗೆ ಕರೆದೊಯ್ದದ್ದು

ನಾನು ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ನನ್ನನ್ನು ಕಾಯಂ ಮಾಡಬೇಕೋ ಬೇಡವೋ ಎಂದು ನೋಡಲು ದಾವಣಗೆರೆಯಿಂದ ದೊಡ್ಡ ಸಾಹೇಬರು ಬಂದಿದ್ದರು. ಕಳ್ಳಕವಟಗಿಯ ದ್ರಾಕ್ಷಿ ತೋಟಗಳಲ್ಲಿ ನಾನು ಹಾಕಿಸಿದ್ದ ಹನಿ ನೀರಾವರಿ ಪೈಪುಗಳನ್ನೆಲ್ಲ ತೋರಿಸಿದೆ. ಅವರು ಬೆಳಗಿನಿಂದ ಬಾಯೇ ಬಿಡಲಿಲ್ಲ, ಬರೇ ತಲೆ ಆಡಿಸಿದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಮಧ್ಯಾಹ್ನ ವಿಜಯಪುರಕ್ಕೆ ಬಂದು ಒಂದು ದೊಡ್ಡ ಎಸಿ ಹೋಟೆಲಿನ ಮುಂದೆ ಕಾರು ನಿಲ್ಲಿಸಿದೆ. ಒಳಗಿನ ಗದ್ದಲ ನೋಡಿದ ಸಾಹೇಬರು, "ಇಲ್ಲಿ ಬೇಡ. ಆರಾಮಾಗಿ ಕೂರೋ ಕಡೆ ಹೋಗೋಣ" ಎಂದು ಹಲ್ಲು ಕಚ್ಚಿಕೊಂಡೇ ಹೇಳಿದರು. ಬೇರೇನೂ ಹೊಳೆಯದೆ, ಇಬ್ರಾಹಿಂಪುರದಲ್ಲಿ ನಾನು ದಿನಾ ಉಣ್ಣುವ ಖಾನಾವಳಿಗೆ ಕರೆದೊಯ್ದೆ.

ಖಾನಾವಳಿ ನಡೆಸುವ ಶಾಂತಕ್ಕ ಕಡಕ್ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಸಾಹೇಬರು ರೊಟ್ಟಿ ಮುರಿದು ಕೈಯಲ್ಲಿ ಹಿಡಿದು ಸುಮ್ಮನೆ ಕೂತರು. ಅಕ್ಕ ಅವರ ಮುಖ ನೋಡಿ, "ಹಲ್ಲಿನ ಸೆಟ್ ಹೊಸಾದೇನ್ರಿ ಸಾಹೇಬ್ರ?" ಎಂದುಬಿಟ್ಟಳು. ಸುಮ್ಮನಿರು ಎಂದು ನಾನು ಅವಳಿಗೆ ಕಣ್ಸನ್ನೆ ಮಾಡಿದೆ.

"ನಾಲ್ಕು ದಿನ ಆಯ್ತಮ್ಮ. ಬಾಯಿ ತೆರೆದರೆ ಕಳಚುತ್ತೆ" ಎಂದರು ಸಾಹೇಬರು.

"ತಗದಿಟ್ಟು ಉಣ್ರಿ. ನಮ್ಮ ಮಾವನೂ ಹಂಗ ಉಣ್ತಾರ. ಇಲ್ಲಿ ಯಾರ್ ನೋಡ್ತಾರ?"

ಅಕ್ಕ ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಮೆತ್ತಗೆ ಕಲಸಿ ತಂದಿಟ್ಟಳು. ಸಾಹೇಬರು ಗೋಡೆ ಕಡೆ ತಿರುಗಿ ಹಲ್ಲು ತೆಗೆದು, ಕರವಸ್ತ್ರದಲ್ಲಿ ಸುತ್ತಿಟ್ಟು, ಎರಡು ಬಟ್ಟಲು ಉಂಡರು. ಆಮೇಲೆ ಶುರುವಾದ ಅವರ ಮಾತು ಒಂದು ತಾಸು ನಿಲ್ಲಲಿಲ್ಲ. ನನ್ನ ಮೇಲೆ ಸಿಟ್ಟೇ ಇರಲಿಲ್ಲವೆಂದು ತಿಳಿದು ನಾನೂ ಹಗುರಾಗಿ ಇನ್ನೊಂದು ರೊಟ್ಟಿ ಕೇಳಿದೆ.

ಹಲ್ಲಿಲ್ಲದ ಬಾಯಿಯ ಆ ಮಾತು ನನಗೆ ಅರ್ಧಕ್ಕರ್ಧ ತಿಳಿಯಲಿಲ್ಲ. ಕೆಲಸ ಕಾಯಂ ಅಂದದ್ದನ್ನು ಮಾತ್ರ ಎರಡು ಸಲ ಹೇಳಿಸಿಕೊಂಡೆ.