ಪೊರಕೆ ಇಲ್ಲದ ಹಾಸ್ಯ

ಕಾರ್ಖಾನೆಯ ಸೈರನ್‌ಗೆ ಭದ್ರಾವತಿಯ ನಮ್ಮ ತಮಿಳು ನೆರೆಯವರು ಬೇರೊಂದು ಹೆಸರು ಹೇಳುತ್ತಿದ್ದರು. ಸಂ... ಸಂಕ... ಹೋಗಲಿ, ಆಮೇಲೆ ನೆನಪಾದೀತು.

ಇಲ್ಲಿ ನಾಗಪುರದಲ್ಲಿ ಮೊಮ್ಮಗಳು ಟಿವಿಯಲ್ಲಿ ಹಾಕುವ ವಿಚಿತ್ರ ಹಾಸ್ಯಗಳು ನನಗೆ ಬಲು ಇಷ್ಟ. ಯಾರೂ ಜಾರಿ ಬೀಳುವುದಿಲ್ಲ. ಎಲ್ಲಿ ನಗಬೇಕೆಂದು ಯಾರೂ ನಕ್ಕು ತೋರಿಸುವುದಿಲ್ಲ. ಅರವತ್ತರ ದಶಕದಲ್ಲೇ ಅಂಥದ್ದೊಂದರಲ್ಲಿ ನಾನು ಪಾತ್ರ ಮಾಡಿದ್ದೆ.

ಆಗ ಹಾಸ್ಯ ನಾಟಕವೆಂದರೆ ಹೆಂಡತಿ ಗಂಡನಿಗೆ ಪೊರಕೆಯಲ್ಲಿ ಬಾರಿಸಲೇಬೇಕು. ನಮ್ಮ ಕಾರ್ಖಾನೆ ಕ್ಲಬ್ಬಿನ ಫಿಟ್ಟರ್ ಸೆಲ್ವರಾಜ್ ಬರೆದದ್ದರಲ್ಲಿ ಅದಿರಲಿಲ್ಲ. ಪರದೆಯ ಹಿಂದೆ ಸೈರನ್ ಬದಲು ಶಂಖ ಊದುತ್ತಾರೆ. ರಿಟೈರಾದ ಗಂಡ ಥಟ್ಟನೆ ಎದ್ದು, ಚಪ್ಪಲಿ ಮೆಟ್ಟಿ, ಬಾಗಿಲವರೆಗೆ ಹೋಗಿ, ನೆನಪಾಗಿ ವಾಪಸ್ ಬರುತ್ತಾನೆ. ಹೆಂಡತಿಯಾದ ನಾನು ಅಕ್ಕಿ ಆರಿಸುತ್ತಿರಬೇಕು. ಅಷ್ಟೇ.

"ಒಂದು ಶಿಳ್ಳೆ ಬಿದ್ರೂ ಇದೇ ನಿನ್ನ ಕೊನೇ ನಾಟಕ ಮಾರಾಯ್ತಿ" ಎಂದಿದ್ದ ಅತ್ತೆ, ಮಾವನ ಜೊತೆ ಮೊದಲ ಸಾಲಿನಲ್ಲೇ ಕೂತಿದ್ದರು.

ನಾಟಕದ ಗಂಡ ಎದ್ದು ಕೂತು ಮಾಡಿದರೂ ಯಾರೂ ನಗಲಿಲ್ಲ. "ಪೊರಕೆ ಎಲ್ಲಮ್ಮಾ?" ಎಂದು ಹಿಂದಿನಿಂದ ಒಬ್ಬ ಕೂಗಿದ. ನನ್ನ ಮೊರದ ಅಕ್ಕಿ ಚೆಲ್ಲಿತು.

ಅಷ್ಟರಲ್ಲಿ ಮಧ್ಯಾಹ್ನದ ಪಾಳಿಯ ನಿಜವಾದ ಸೈರನ್ ಕೂಗಿತು. ರಜೆಯಲ್ಲಿದ್ದ ಗಂಡಸರೆಲ್ಲ ಧಡಕ್ಕನೆ ಎದ್ದು ಚಪ್ಪಲಿ ಹುಡುಕತೊಡಗಿದರು. ರಿಟೈರಾಗಿದ್ದ ನಮ್ಮ ಮಾವನೂ ಎದ್ದರು.

"ಕೂತ್ಕೊಳ್ರೀ, ನಿಮ್ಗೂ ರಿಟೈರಾಗಿದೆ!" ಎಂದು ಅತ್ತೆ ಅವರ ಪಂಚೆ ಹಿಡಿದು ಜಗ್ಗಿದರು. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು.

ಹಾಂ, ಸಂಗು! ಸೈರನ್‌ಗೆ ಸಂಗು ಅಂತಿದ್ರು, ಅಂದ್ರೆ ತಮಿಳಲ್ಲಿ ಶಂಖ. ಬೇಗ ಬರ್ಕೊಳೇ ಪುಟ್ಟಿ. ಮುಂದಿನ ನಾಟಕಕ್ಕೆ ನನಗೆ ಸೀರೆ ಆರಿಸಿಕೊಟ್ಟಿದ್ದು ಅತ್ತೆಯೇ ಅಂತಲೂ ಬರಿ.