ಹಾಡಿಗೆ ಮಾತ್ರ ಬರುವವನು

ತಮಿಳು ಸೀಮೆಯ ಸಿರುಮುಗೈಯಲ್ಲಿ, ಕನ್ನಡ ಮಾತಾಡುವ ನೇಕಾರರ ಬೀದಿಯಲ್ಲಿ ಬೆಳಗಾದರೆ ಹಾಸು ಕಟ್ಟುತ್ತಾರೆ. ಮಗ್ಗಕ್ಕೆ ಏರಿಸಬೇಕಾದ ರೇಷ್ಮೆ ನೂಲನ್ನು ಬೀದಿಯುದ್ದಕ್ಕೂ ಎಳೆದು ಬಿಗಿದು, ಎರಡೂ ಬದಿಗೆ ಹೆಂಗಸರು ನಿಂತು ಕಡಿದ ಎಳೆಗಳನ್ನು ಕೂಡಿಸುತ್ತಾರೆ. ಕೈಗೆ ಕೆಲಸ, ಬಾಯಿಗೆ ಬಿಡುವು. ಅವರಿವರ ಮನೆಯ ವಿಷಯ ಮುಗಿದ ಮೇಲೆ ಸಿನಿಮಾ ಬರುತ್ತದೆ. ಸಿನಿಮಾ ಬಂತೆಂದರೆ ಎಲ್ಲರೂ ಶಿವಗಾಮಿಯ ಕಡೆ ತಿರುಗುತ್ತಾರೆ. ನಲವತ್ತೆಂಟರ ವಿಧವೆ, ಅಣ್ಣನ ಮನೆಯಲ್ಲಿ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಂಡು ಬದುಕಿದವಳು, ಅನ್ನಕ್ಕಿಂತ ಮಾತು ತಿಂದದ್ದೇ ಹೆಚ್ಚು. ಆದರೂ ಹಳೇ ಸಿನಿಮಾದ ವಿಷಯದಲ್ಲಿ ಅವಳು ಹೇಳಿದ್ದೇ ತೀರ್ಪು.

"ಹೀರೋ ಏನ್ ಹೀರೋ, ಹೆಂಡ್ತಿ ಸತ್ರೂ ಕೂಗ್ತಾನೆ, ಕಾಪಿ ಆರೋದ್ರೂ ಕೂಗ್ತಾನೆ. ಆ ಅಮ್ಮ ಇದಾಳಲ್ಲ, ಅಳೋಕೆ ಮುಂಚೇನೇ ಮೂಗು ಎಳೀತಾಳೆ. ನಂಗೆ ಪಾವಂ ಅನ್ಸದು ಆ ಪಾಡೋನು ಒಬ್ಬನೇ. ಬರ್ತಾನೆ, ಪಾಡ್ತಾನೆ, ಒಂದೂ ಕೇಳ್ದೆ ಹೋಗ್ಬುಡ್ತಾನೆ."

ಹೆಂಗಸರು ನಗುತ್ತಿದ್ದರು. ಹಾಡಿದವನ ಗಂಟಲನ್ನು ಹೊಗಳುತ್ತಿದ್ದಾಳೆ ಎಂದುಕೊಂಡು ತಲೆಯಾಡಿಸುತ್ತಿದ್ದರು. ಅವಳ ವಿಮರ್ಶೆಯೆಲ್ಲ ಕೂಗು, ಅಳು, ಚಪ್ಪಲಿ ಸದ್ದುಗಳದ್ದೇ ಎಂಬುದು ಯಾರಿಗೂ ಹೊಳೆಯಲಿಲ್ಲ. ಶಿವಗಾಮಿ ತನ್ನ ಜನ್ಮದಲ್ಲಿ ಒಂದು ಸಿನಿಮಾವನ್ನೂ ನೋಡಿರಲಿಲ್ಲ.

ಹದಿನೇಳಕ್ಕೆ ಗಂಡ ಸತ್ತು ಅವಳು ಅಣ್ಣನ ಮನೆಗೆ ಬಂದ ಕೆಲವು ವರ್ಷಕ್ಕೆ ಹಿತ್ತಿಲ ಗೋಡೆಗೆ ಅಂಟಿಕೊಂಡಂತೆ ಸಿನಿಮಾದ ಟೆಂಟು ಕೊಟ್ಟಾಯಿ ಎದ್ದಿತು. ಊರಿಗೆ ಊರೇ ಹೋಗಿ ಮರಳಿನ ಮೇಲೆ ಕೂತು ಸಿನಿಮಾ ನೋಡಿತು. ಗಂಡನಿಲ್ಲದವಳು ಅಲ್ಲಿಗೆ ಹೋದರೆ ಜನ ಏನಂದಾರು ಎಂದು ಅಣ್ಣ ಅಡ್ಡ ನಿಂತ. ಜನ ಏನೂ ಅನ್ನುತ್ತಿರಲಿಲ್ಲ, ಅನ್ನುವವನು ಅವನೊಬ್ಬನೇ. ಅವಳು ಗೋಡೆಯ ಈಚೆ ರಾಟೆ ತಿರುಗಿಸುತ್ತಾ ಕೇಳಿದಳು. ಸಿನಿಮಾ ವಾರ ಓಡಿದರೆ ಏಳು ಸಲ ಕೇಳಿದಳು. ಕೊಟ್ಟಾಯಿ ಕಿತ್ತು ಅಕ್ಕಿ ಗೋಡೌನು ಬರುವವರೆಗೆ ಹನ್ನೆರಡು ವರ್ಷ ಹೀಗೇ ಕೇಳಿದಳು.

ಕೇಳಿ ಕೇಳಿ ಅವಳಿಗೆ ಒಂದು ಗೊತ್ತಾಯಿತು. ಮಾತಾಡುವ ಗಂಡಸು ಬೇರೆ, ಹಾಡುವ ಗಂಡಸು ಬೇರೆ. ಗಂಟಲು ಎರಡಾದ ಮೇಲೆ ಆಳೂ ಇಬ್ಬರೇ ತಾನೆ? ಟೀ ಅಂಗಡಿಯ ರೇಡಿಯೋದಲ್ಲೂ ಹಾಡಿದವನ ಹೆಸರನ್ನು ಬೇರೆಯಾಗಿಯೇ ಹೇಳುತ್ತಿದ್ದರು. ಹೆಣ್ಣಿನ ಹಾಡು ಬಂದರೆ ಗೆಳತಿ ಯಾರೋ ಹಾಡುತ್ತಿದ್ದಾಳೆ ಅಂದುಕೊಂಡಳು. ಆದರೆ ಹಾಡುವ ಗಂಡಸು ಹಾಗಲ್ಲ. ಮಾತಾಡುವವನು ಬೈದು, ಹೊಡೆದು, ಬಾಗಿಲು ದಡಾರೆಂದು ಹಾಕಿಕೊಂಡು ಹೋದ ಮೇಲೆ ಅವನು ಬರುತ್ತಿದ್ದ. ಮೆಲ್ಲಗೆ ಹಾಡುತ್ತಿದ್ದ. ಒಂದು ಲೋಟ ನೀರು ಕೂಡ ಕೇಳದೆ ಹೋಗುತ್ತಿದ್ದ. ಎಲ್ಲ ಸಿನಿಮಾದಲ್ಲೂ ಅವನೇ, ಕೊನೆಗೆ ಎಲ್ಲ ಸಿನಿಮಾದಲ್ಲೂ ಹುಡುಗಿ ಆ ಕೂಗುಮಾರಿಯನ್ನೇ ಮದುವೆಯಾಗುತ್ತಿದ್ದಳು. ಶಿವಗಾಮಿಗೆ ಹೊಟ್ಟೆ ಉರಿಯುತ್ತಿತ್ತು. ಎರಡು ವರ್ಷ ಬಾಳಿದ ಗಂಡ ಅವಳನ್ನು ಹೆಸರು ಹಿಡಿದು ಕರೆದದ್ದಿಲ್ಲ, 'ಏ' ಅಂದರೆ ಅವಳು. ತನಗೆ ಸಿಗದಿದ್ದರೆ ಹೋಗಲಿ, ಅಂಥವನೊಬ್ಬ ಲೋಕದಲ್ಲಿದ್ದಾನಲ್ಲ ಎಂಬ ಒಂದೇ ಸಮಾಧಾನದ ಮೇಲೆ ಅವಳು ಇಷ್ಟು ವರ್ಷ ತಳ್ಳಿದ್ದಳು.

ಎಂಬತ್ತೆಂಟನೇ ಇಸವಿಯಲ್ಲಿ ರೇಷ್ಮೆ ವ್ಯಾಪಾರದ ವೆಂಕಟಾಚಲಂ ಮನೆಗೆ ಟಿವಿ ಬಂತು. ಭಾನುವಾರ ಸಂಜೆ ಹಳೇ ತಮಿಳು ಸಿನಿಮಾ, ನಡುಮನೆ ತುಂಬ ಬೀದಿಯ ಜನ. ಅಣ್ಣ ತೀರಿಕೊಂಡು ಮೂರು ವರ್ಷವಾಗಿತ್ತು, ಅಡ್ಡ ನಿಲ್ಲುವವರಿರಲಿಲ್ಲ. ಆದರೂ ಶಿವಗಾಮಿ ನಾಚಿಕೊಂಡು ಕೆಲವು ವಾರ ಹೋಗಲಿಲ್ಲ. ಆಮೇಲೊಂದು ಭಾನುವಾರ, ಅವಳ ಗೋಡೆಯ ಹಿಂದೆ ಹದಿಮೂರು ದಿನ ಓಡಿದ ಸಿನಿಮಾ ಹಾಕುತ್ತಾರೆ ಎಂದು ಅಣ್ಣನ ಮಗಳು ಸಾಂತಿ ಸುದ್ದಿ ತಂದಳು. ಶಿವಗಾಮಿ ಮುಖ ತೊಳೆದು, ಒಗೆದ ಸೀರೆ ಉಟ್ಟು, ಯಾರನ್ನೋ ಎದುರುಗೊಳ್ಳುವವಳ ಹಾಗೆ ಮುಂದಿನ ಸಾಲಿನಲ್ಲೇ ಕೂತಳು. ಅವನ ಮುಖ ನೋಡಬೇಕಿತ್ತು, ಅಷ್ಟೇ.

ಮಾತೆಲ್ಲ ಅವಳಿಗೆ ಬಾಯಿಪಾಠ. ಬಾವಿಕಟ್ಟೆಯ ಜಗಳ ಬಂತು. ದಪ್ಪ ಕೆನ್ನೆಯ ಹೀರೋ ಬೈದು ತಿರುಗಿದ. ಇನ್ನೇನು ಹಾಡುವವನು ಬರಬೇಕು. ಶಿವಗಾಮಿ ಮರದ ಹಿಂದೆ ನೋಡಿದಳು, ಬಾವಿಯ ಆಚೆ ನೋಡಿದಳು. ಹಾಡು ಶುರುವಾಯಿತು. ಬೈದವನೇ ಬಾಯಿ ತೆರೆದಿದ್ದ. ಆ ಬಾಯಿಯಿಂದ ಹಾಡುವವನ ದನಿ ಬರುತ್ತಿತ್ತು.

"ಸಾಂತಿ, ಪಾಡೋನು ಎಲ್ಲಿ?"

"ಇವನೇ ಅತ್ತೆ. ಮದ್ರಾಸಲ್ಲಿ ಒಂದು ರೂಮಲ್ಲಿ ಯಾರೋ ಪಾಡಿರ್ತಾರೆ. ಇವನು ಸುಮ್ನೆ ಬಾಯಿ ಆಡಿಸ್ತಾನೆ."

"ಎಲ್ಲಾ ಪಡದಲ್ಲೂ ಹಂಗೇನಾ?"

"ಎಲ್ಲಾದ್ರಲ್ಲೂ ಹಂಗೇ ಅತ್ತೆ. ಯಾಕೆ, ನಿಂಗೆ ಗೊತ್ತಿಲ್ವಾ?"

ಶಿವಗಾಮಿ ಟಿವಿಯ ಕಡೆ ತಿರುಗಿದಳು. ಎದ್ದು ಹೋದರೆ ಹಿಂದಿನವರಿಗೆ ಮರೆಯಾಗುತ್ತದೆಂದು ಸಿನಿಮಾ ಮುಗಿಯುವವರೆಗೂ ಅಲ್ಲೇ ಕೂತಿದ್ದಳು. ಇನ್ನೂ ನಾಲ್ಕು ಹಾಡು ಬಂದವು. ನಾಲ್ಕಕ್ಕೂ ಆ ದಪ್ಪ ಕೆನ್ನೆಯವನೇ ಬಾಯಿ ಆಡಿಸಿದ.

ಮರುದಿನ ಬೆಳಿಗ್ಗೆ ಹಾಸಿನ ಪಕ್ಕ ಎಲ್ಲರಿಗೂ ತೀರ್ಪು ಕೇಳುವ ಆತುರ. ಎದುರು ಬದಿಯಲ್ಲಿ ಎಳೆ ಕೂಡಿಸುತ್ತಿದ್ದ ಪಕ್ಕದ ಮನೆಯ ಅಂಗಮ್ಮ, "ಏನಕ್ಕಾ, ಪಡಂ ಹೆಂಗಿತ್ತು, ಹೇಳ್ಲೇ ಇಲ್ವಲ್ಲ" ಅಂದಳು.

ಶಿವಗಾಮಿ ತಲೆಯೆತ್ತಲಿಲ್ಲ. ಬೆರಳು ಎಳೆ ಹೊಸೆಯುತ್ತಲೇ ಇತ್ತು, ಕಣ್ಣೀರು ರೇಷ್ಮೆಯ ಮೇಲೆ ಬೀಳಬಾರದೆಂದು ಮುಖವನ್ನು ಪಕ್ಕಕ್ಕೆ ತಿರುಗಿಸಿದಳು. ಗಂಡ ಸತ್ತಾಗ ಅವಳಿಗೆ ಅಳುವೇ ಬಂದಿರಲಿಲ್ಲ, ನೆಂಟರ ಹೆಂಗಸರು ತಬ್ಬಿ ಅಳಿಸಿದ್ದರು.

ಅಂಗಮ್ಮ ಗಾಬರಿಯಾಗಿ ಹಾಸಿನ ಮೇಲೆ ಬಗ್ಗಿದಳು. "ಯಾರಕ್ಕಾ, ಯಾರಾದ್ರೂ ಸತ್ರಾ?"

"ಸತ್ತಿದ್ರೆ ತಿಥಿ ಮಾಡ್ಬೋದಿತ್ತು ಅಂಗಮ್ಮ," ಅಂದಳು ಶಿವಗಾಮಿ. "ಹುಟ್ಟೇ ಇಲ್ಲ ಅಂತಾರೆ. ಅವನಿಗೆ ನಾನು ಏನಂತ ಅಳ್ಲಿ?"