ಹುಬ್ಬಿನ ಮೇಲಿನ ಕೆಂಪು ಗಂಟು

ನನ್ನ ಹಿರಿಮಗಳು ಹುಟ್ಟಿದ್ದು ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ. ಯಲ್ಲಾಪುರದಲ್ಲಿ ನಮ್ಮವರದು ಬಟ್ಟೆ ಅಂಗಡಿ. ಕೂಸಿನ ಎಡಹುಬ್ಬಿನ ಮೇಲೆ ಸಣ್ಣ ಕೆಂಪು ಚುಕ್ಕೆಯೊಂದು ಕಾಣಿಸಿ, ಕೆಲವೇ ತಿಂಗಳಲ್ಲಿ ಹುಣಸೆಬೀಜದಷ್ಟು ದಪ್ಪಗೆ ಉಬ್ಬಿ ನಿಂತಿತು.

“ಗ್ರಹಣದಾಗ ಏನರ ಹೆಚ್ಚಿರಬೇಕು ನೀ” ಅಂದರು ಅತ್ತೆ.

“ಬದನಿಕಾಯಿ ಹೆಚ್ಚಿದ್ದೆ. ಪಲ್ಯ ನೀವೂ ಉಂಡೀರಿ” ಅಂದೆ. ಅವರು ಅಂದೇ ದೇವರಿಗೆ ಹರಕೆ ಹೊತ್ತುಕೊಂಡರು.

ನಮ್ಮವರು ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರು ಗಂಟನ್ನು ಒತ್ತಿ ನೋಡಿ, ಕೊಯ್ದು ತೆಗೆಯೋಣ ಎಂದರು.

“ಇದರಿಂದ ಕೂಸಿಗೆ ಏನರ ತ್ರಾಸ ಐತೇನ್ರಿ?” ನಾನು ಕೇಳಿದೆ.

“ಸದ್ಯಕ್ಕೆ ಇಲ್ಲ. ಆದರೆ ಹೆಣ್ಣು ಮಗು ನೋಡಿ.”

“ಕೊಯ್ದರ?”

ರಕ್ತ ಹೆಚ್ಚು ಹೋಗಬಹುದು, ಹುಬ್ಬು ಸ್ವಲ್ಪ ಮೇಲಕ್ಕೆ ಎಳೆದಂತಾಗಬಹುದು ಎಂದರು. ನಮ್ಮವರು ಒಪ್ಪಿ ತಲೆಯಾಡಿಸುತ್ತಿದ್ದರು. ನಾನು ಕೂಸನ್ನು ಎತ್ತಿಕೊಂಡು ಎದ್ದುಬಿಟ್ಟೆ.

ಊರಿಗೆ ಬಂದ ಮೇಲೆ ಸರಕಾರಿ ದವಾಖಾನೆಯ ಡಾಕ್ಟರಮ್ಮನಿಗೆ ತೋರಿಸಿದೆ. ಇಂಥ ಗಂಟುಗಳು ಮೊದಲು ಬೆಳೆದು, ಆಮೇಲೆ ತಾವಾಗಿ ಕುಗ್ಗುವುದುಂಟು ಎಂದು ಅವರು ಹೇಳಿದರು. “ಕಣ್ಣಿಗೆ ಅಡ್ಡ ಬಂದರೆ ಅಥವಾ ಹುಣ್ಣಾದರೆ ತಡಮಾಡದೆ ಬಾ. ಇಲ್ಲದಿದ್ದರೆ ತಿಂಗಳಿಗೊಮ್ಮೆ ತೋರಿಸು, ಕಾಯೋಣ.”

ಕಾಯುವುದು ಸುಲಭವಾಗಿರಲಿಲ್ಲ. ಗಂಟು ಇನ್ನಷ್ಟು ದಪ್ಪಗಾದಾಗ ತಿಂಗಳು ತುಂಬುವ ಮೊದಲೇ ದವಾಖಾನೆಗೆ ಓಡಿದ್ದೆ. ಇಂಥವಕ್ಕೆ ಈಗ ಲೇಸರ್ ಬೆಳಕಿನ ಚಿಕಿತ್ಸೆ ಇದೆಯಂತೆ. ಅಂದು ಇದ್ದದ್ದು ಕತ್ತಿ, ಇಲ್ಲವೇ ತಾಳ್ಮೆ.

ಶಿರಸಿಯಲ್ಲಿ ನಾದಿನಿಯ ಮದುವೆ. ಅತ್ತೆ ಕೂಸಿನ ಹುಬ್ಬು ಮುಚ್ಚುವಂತೆ ಕುಂಚಿಗೆ ಎಳೆದು ಕಟ್ಟಿದರು. ಚಪ್ಪರದ ಸೆಕೆಗೆ ಕೂಸು ಅಳತೊಡಗಿದಾಗ ನಾನು ಅದನ್ನು ಬಿಚ್ಚಿದೆ. ಬೀಗರ ಕಡೆಯ ಹೆಂಗಸೊಬ್ಬಳು ತನ್ನ ಮಗುವನ್ನು ಹಿಂದಕ್ಕೆ ಸೆಳೆದುಕೊಂಡಳು.

“ಅಂಟೂದಲ್ರಿ ಇದು. ಮುಟ್ಟಿ ನೋಡ್ರಿ” ಎಂದು ಕೂಸನ್ನು ಅವಳ ಮುಂದೆ ಹಿಡಿದೆ. ಅವಳು ಮುಟ್ಟಲಿಲ್ಲ. ಪಕ್ಕದಲ್ಲಿದ್ದ ಮುದುಕಿ ಮುಟ್ಟಿ, “ಮೆತ್ತಗ ಐತಿ” ಅಂದಳು. ನಾನು ಎಲ್ಲರ ನಡುವೆಯೇ ಕೂತು ಮಗಳಿಗೆ ಹಾಲು ಕುಡಿಸಿದೆ.

ಎರಡು ವರ್ಷ ತುಂಬುವ ಹೊತ್ತಿಗೆ ಕೆಂಪಿನ ನಡುವೆ ಬೂದುಬಣ್ಣ ಕಾಣಿಸಿತು. ಶಾಲೆಗೆ ಸೇರಿಸುವಾಗ ಅಲ್ಲಿ ಉಳಿದಿದ್ದದ್ದು ತುಸು ಸಡಿಲವಾದ, ಬಿಳಿಚಿದ ಚರ್ಮವಷ್ಟೇ.

ಅತ್ತೆ ತಮ್ಮ ಹರಕೆಯಿಂದಲೇ ವಾಸಿಯಾಯಿತೆಂದು ಓಣಿಗೆಲ್ಲ ಹೇಳಿದರು. ಹರಕೆ ತೀರಿಸಲು ನನ್ನನ್ನೂ ಕರೆದರು.

“ನೀವು ಹೋಗಿ ಬರ್ರಿ” ಅಂದೆ. “ನಾ ಇಕಿನ್ನ ಸಾಲಿಗೆ ಬಿಟ್ಟು ಬರಬೇಕು.”